ಸರಪಳಿ ನೋವು

ಮೇ 3, ಭಾನುವಾರ

ಈ ಪುಸ್ತಕ ಡಾಕ್ಟರು ಕೊಟ್ಟದ್ದು, ಅಣ್ಣನಿಗಾಗಿ. ದಿನಾ ಬೆಳಿಗ್ಗೆ ಅವನ ತೂಕ, ಕಾಲಿನ ಊತ, ಮಾತ್ರೆ ನುಂಗಿದ್ದು ಬಿಟ್ಟದ್ದು ಎಲ್ಲ ಬರೆದಿಡಬೇಕಂತೆ. ಅತ್ತಿಗೆಗೆ ಕಣ್ಣು ಮಂಜು, ಅಣ್ಣನಿಗೆ ಮನಸ್ಸಿಲ್ಲ, ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ಮೂವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತು ಊರವರ ಎದೆ ಸೊಂಟದ ಅಳತೆ ಬರೆದವಳಿಗೆ ಅಣ್ಣನ ಕಾಲಿನ ಅಳತೆ ಬರೆಯುವುದೇನು ದೊಡ್ಡದು. ಒಂದು ಸಾಲಿಗಾಗಿ ಇಡೀ ಪುಟ ದಂಡ ಮಾಡಬಾರದೆಂದು ಉಳಿದ ಜಾಗದಲ್ಲಿ ನನ್ನದನ್ನೂ ಗೀಚುತ್ತೇನೆ. ಯಾರೂ ಓದುವುದಿಲ್ಲ. ಓದಿದರೆ ಅವರ ಕರ್ಮ.

ನಿನ್ನೆ ಡಾಕ್ಟರು ಹೇಳಿದ್ದಿಷ್ಟು: ಹೃದಯ ಸೋತಿದೆ. ಉಪ್ಪು ಬೇಡ, ಮೆಟ್ಟಿಲು ಬೇಡ, ಸಿಟ್ಟು ಬೇಡ. ದೋಣಿಯ ಹಿಡಿಯನ್ನಂತೂ ಮುಟ್ಟಲೇಬಾರದು. ನಲವತ್ತೊಂದು ವರ್ಷದಿಂದ ಅದೇ ಹಿಡಿ ತಿರುಗಿಸುತ್ತಿರುವವನಿಗೆ ಈ ಮಾತು.

"ಅರ್ಧ ದಿನ ಮಾತ್ರ ತಿರುಗಿಸಿದ್ರೆ?" ಎಂದು ಅಣ್ಣ ಚೌಕಾಸಿಗಿಳಿದ.

"ಒಂದು ಸುತ್ತೂ ಬೇಡ ಯಜಮಾನ್ರೇ. ಮನೆಯೊಳಗೆ ಓಡಾಡೋಕೆ ಸಾಕಾಗೋಷ್ಟು ಶಕ್ತಿ ಇದೆ ನಿಮ್ಮ ಹೃದಯಕ್ಕೆ. ಹೊಳೆ ದಾಟಿಸೋಷ್ಟಿಲ್ಲ."

ಅಣ್ಣ ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬಹಳ ವಿನಯದಿಂದ ಕೇಳಿಸಿಕೊಂಡ. ಹೊರಗೆ ಬಂದವನೇ, "ಈ ಮನುಷ್ಯ ಒಂದು ಸಲವಾದ್ರೂ ನಮ್ಮ ದೋಣಿ ಹತ್ತಿದ್ದಾನಾ?" ಎಂದ. ಅತ್ತಿಗೆ ದಾರಿಯುದ್ದಕ್ಕೂ ಅತ್ತರು. ನಾನು ಅಳಲಿಲ್ಲ. ಮೂವರಲ್ಲಿ ಒಬ್ಬರಾದರೂ ದಾರಿ ನೋಡಿಕೊಂಡು ನಡೆಯಬೇಕಲ್ಲ.

ಮೇ 4, ಸೋಮವಾರ

ತೂಕ ನಿನ್ನೆಯಷ್ಟೇ. ಕಾಲು ಊದಿದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ.

ಪುರಸಭೆಯ ಪರಂಪರೆ ಸಮಿತಿಯ ಕಾರ್ಯದರ್ಶಿ ಮನೆಗೇ ಬಂದಿದ್ದರು. ಊರಿನ ಹಳೆಯ ಕಟ್ಟಡ, ಹಳೆಯ ಮರ, ಹಳೆಯ ದೋಣಿ ಎಲ್ಲ ಅವರ ಸುಪರ್ದಿ. ಹಳೆಯ ಮನುಷ್ಯರು ಮಾತ್ರ ಸೇರಿಲ್ಲ. ದೋಣಿಕಟ್ಟೆಯಲ್ಲಿ ಅವರು ನಿಲ್ಲಿಸಿರುವ ಹೊಸ ಫಲಕವನ್ನು ಬೆಳಿಗ್ಗೆಯೇ ಓದಿಕೊಂಡು ಬಂದಿದ್ದೆ. ಹೊಳೆ ಸರೋವರ ಸೇರುವ ಜಾಗದಲ್ಲಿ ಜನರನ್ನು ಊರ ದಡದಿಂದ ಮರಳುದಿಬ್ಬದ ದಡಕ್ಕೆ ದಾಟಿಸುವ ದೋಣಿಯಂತೆ. ಹುಟ್ಟಿಲ್ಲ, ಹಾಯಿಯಿಲ್ಲ, ಎಂಜಿನ್ ಇಲ್ಲ. ಹೊಳೆಯ ತಳದಲ್ಲಿ ಈ ದಡದಿಂದ ಆ ದಡಕ್ಕೆ ಒಂದೇ ಸರಪಳಿ ಮಲಗಿದೆ. ದೋಣಿಯ ಮೇಲಿನ ಹಲ್ಲಿನ ಚಕ್ರ ಅದನ್ನು ಮೇಲೆತ್ತುತ್ತದೆ. ಹಿಡಿ ತಿರುಗಿಸಿದಷ್ಟು ದೋಣಿ ಮುಂದಕ್ಕೆ ತೆವಳುತ್ತದೆ. ನೂರ ಅರವತ್ತು ವರ್ಷ ಹಳೆಯದು. ಇಷ್ಟೆಲ್ಲ ಬರೆದವರು ತಿರುಗಿಸುವವನ ವಿಷಯಕ್ಕೆ ಒಂದು ಸಾಲೂ ಉಳಿಸಿಲ್ಲ.

ಒಂದು ಸಣ್ಣ ಎಂಜಿನ್ ಕೂರಿಸಿಕೊಡಿ ಎಂದು ಕೇಳಿದೆ.

"ಅಯ್ಯೋ ಅಮ್ಮಾ, ಅದರಲ್ಲಿ ಒಂದು ಮೊಳೆ ಬದಲಾಯಿಸ್ಬೇಕಾದ್ರೂ ನಾನು ಮೇಲಿನವರಿಗೆ ಅರ್ಜಿ ಹಾಕ್ಬೇಕು. ಕೈಯಲ್ಲಿ ನಡೆಯುತ್ತೆ ಅಂತಾನೇ ಜನ ಬರೋದು."

"ಕೈ ಬದಲಾಯಿಸೋಕೆ ಅರ್ಜಿ ಬೇಡ್ವಾ?"

"ಕೈ ಯಾರದಾದ್ರೂ ನಡೆಯುತ್ತೆ," ಎಂದು ನಕ್ಕರು. ಕೆಟ್ಟ ಮನುಷ್ಯರಲ್ಲ, ಚಹಾ ಕುಡಿದ ಲೋಟವನ್ನು ತಾವೇ ಒಳಗೆ ತಂದಿಟ್ಟರು. ಹೋಗುವಾಗ, "ತಿರುಗಿಸೋರು ಸಿಗದಿದ್ರೆ ಸಂಕೋಚ ಬೇಡ, ಹೇಳಿ. ಮೇಲಕ್ಕೆತ್ತಿ ಉದ್ಯಾನದಲ್ಲಿ ಇಡ್ತೀವಿ. ಸುತ್ತ ಹೂವಿನ ಪಾತಿ ಮಾಡಿಸ್ತೀವಿ," ಎಂದರು.

ಅವರು ಗೇಟು ದಾಟಿದ ಮೇಲೆ ಅಣ್ಣ ಹೇಳಿದ, "ಪುಟ್ಟೀ, ದೋಣಿ ನೀರಲ್ಲಿರೋವರೆಗೆ ನಾನು ನೆಲದ ಮೇಲಿರ್ತೀನಿ. ಅದು ಮೇಲಕ್ಕೆ ಬಂದ ದಿನ ನಾನು ಕೆಳಕ್ಕೆ ಹೋಗ್ತೀನಿ."

ನನಗೆ ಐವತ್ತೆಂಟು. ಅವನಿಗೆ ಇನ್ನೂ ಪುಟ್ಟಿ.

ಮೇ 8, ಶುಕ್ರವಾರ

ಎರಡು ಆಳು ನೋಡಿದ್ದಾಯಿತು. ಮೊದಲನೆಯವನು ಯಾವುದೋ ವಸತಿಗೃಹದಲ್ಲಿ ಪೆಟ್ಟಿಗೆ ಹೊರುತ್ತಿದ್ದವನು, ತೋಳು ನೋಡಿದರೆ ದೋಣಿಯನ್ನೇ ಹೆಗಲ ಮೇಲೆ ಹೊತ್ತು ದಾಟಿಸುತ್ತಾನೆ ಅನ್ನಿಸಬೇಕು. ಒಂದೂವರೆ ದಿನ ಇದ್ದ. ಎರಡನೆಯವನು ನಿನ್ನೆ ಮಧ್ಯಾಹ್ನ ಊಟಕ್ಕೆಂದು ಹೋದವನು ಇನ್ನೂ ಊಟ ಮಾಡುತ್ತಿದ್ದಾನೆ.

ಈ ಬೆಳಿಗ್ಗೆ ಆರಕ್ಕೆ ಅತ್ತಿಗೆ ಬಂದು ನನ್ನ ಕೋಣೆಯ ಬಾಗಿಲು ಬಡಿದರು. ಅಣ್ಣ ಹಾಸಿಗೆಯಲ್ಲಿಲ್ಲ. ಓಡಿಹೋಗಿ ನೋಡುತ್ತೇನೆ, ಕಟ್ಟೆಯಲ್ಲಿ ಹಗ್ಗ ಬಿಚ್ಚಿ, ಹಿಡಿಯ ಮೇಲೆ ಎರಡೂ ಕೈ ಊರಿ ನಿಂತಿದ್ದಾನೆ. ತುಟಿ ನೀಲಿಗಟ್ಟಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಹಿಡಿ ಬಿಡಲಿಲ್ಲ. ಆಗ ನಾನೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಕೂತ್ಕೋ ಆ ಸ್ಟೂಲಿನ ಮೇಲೆ. ನಾನು ತಿರುಗಿಸ್ತೀನಿ," ಎಂದೆ.

"ನೀನಾ?"

"ಹೂಂ, ನಾನೇ. ಕೈ ಯಾರದಾದ್ರೂ ನಡೆಯುತ್ತಂತಲ್ಲ."

ಮೇ 9, ಶನಿವಾರ

ಇನ್ನೂರ ನಲವತ್ತು ಸುತ್ತು. ಈ ದಡದಿಂದ ಆ ದಡಕ್ಕೆ ಅಷ್ಟು. ಇವತ್ತು ಹದಿನಾಲ್ಕು ಸಲ ಹೋಗಿ ಹದಿನಾಲ್ಕು ಸಲ ಬಂದೆ. ಈಗ ಪೆನ್ನು ಹಿಡಿದ ಕೈ ನನ್ನದೋ ಪಕ್ಕದ ಮನೆಯವರದೋ ತಿಳಿಯುತ್ತಿಲ್ಲ.

ಅಣ್ಣ ಸ್ಟೂಲಿನ ಮೇಲೆ ಕೂತು ಪಾಠ ಹೇಳಿದ. ಅವಸರ ಮಾಡಿದರೆ ಸರಪಳಿ ಹಲ್ಲು ತಪ್ಪಿ ಎಗರುತ್ತದೆ, ನಿಧಾನ ಮಾಡಿದರೆ ಹೊಳೆ ದೋಣಿಯನ್ನು ಪಕ್ಕಕ್ಕೆ ಎಳೆಯುತ್ತದೆ.

"ಹೊಲಿಗೆ ಮೆಷಿನ್ ತುಳಿದ ಹಾಗೆ. ಒಂದೇ ಸಮ."

"ಅದನ್ನ ಕಾಲಲ್ಲಿ ತುಳಿಯೋದು ಅಣ್ಣ. ಇದು ಕೈ."

"ಹಾಗಾದ್ರೆ ಕೈಯನ್ನೇ ಕಾಲು ಅಂದ್ಕೊ."

ಬೇಸಿಗೆ ಕಳೆಯಲು ಬಂದವರು ಕೇಳುವ ಪ್ರಶ್ನೆ ಮೂರೇ. ಎಷ್ಟು ವರ್ಷ ಹಳೆಯದು? ಕೈ ನೋಯಲ್ವಾ? ನಾನು ಸ್ವಲ್ಪ ತಿರುಗಿಸ್ಲಾ? ಮೂರನೆಯದಕ್ಕೆ ಅಣ್ಣ ಯಾವಾಗಲೂ ಇಲ್ಲ ಅನ್ನುತ್ತಾನೆ. ಮೊದಲ ಎರಡಕ್ಕೆ, ಇದೇ ಮೊದಲ ಸಲ ಕೇಳಿಸಿಕೊಂಡವನಂತೆ ಮುಖ ಅರಳಿಸಿ ಉತ್ತರ ಕೊಡುತ್ತಾನೆ. ನಲವತ್ತೊಂದು ವರ್ಷ ಒಬ್ಬರನ್ನೂ ಸುಮ್ಮನೆ ಕಳಿಸಿಲ್ಲವಂತೆ. ನಾನಾಗಿದ್ದರೆ ಫಲಕ ಓದ್ಕೊಳ್ಳಿ ಅಂದುಬಿಡುತ್ತಿದ್ದೆ.

ಸೆಪ್ಟೆಂಬರ್ ಮೊದಲ ವಾರಕ್ಕೆ ಸೀಸನ್ ಮುಗಿಯುತ್ತದೆ. ಹಿಡಿ ನನ್ನ ಕೈಯಲ್ಲಿರುವಷ್ಟು ಹೊತ್ತು ಅವನ ಕೈಯಲ್ಲಿರುವುದಿಲ್ಲ. ಇಷ್ಟೇ ನನಗೆ ಬೇಕಾದದ್ದು. ಮಳೆ ಬಂದರೂ ಸರಿ, ಬಿಸಿಲು ಬಂದರೂ ಸರಿ, ಹಿಡಿ ಬಿಡುವುದಿಲ್ಲ.

ಮೇ 14, ಗುರುವಾರ

ತೂಕ ಅರ್ಧ ಕಿಲೋ ಇಳಿದಿದೆ! ಕಾಲಿನ ಊತವೂ ಕಡಿಮೆ.

ನನಗೆ ಎಡಗೈ, ಭುಜ, ಎದೆಯ ಎಡಭಾಗ ಎಲ್ಲ ಹಿಂಡಿದಂತೆ ನೋವು. ಅಣ್ಣನಿಗೆ ಹೇಳಿದೆ. ಅವನಿಗೆ ಖುಷಿಯೋ ಖುಷಿ. "ಅದು ಸರಪಳಿ ನೋವು! ಎಲ್ಲರಿಗೂ ಬರುತ್ತೆ. ನನಗೂ ಬಂದಿತ್ತು, ನನಗೆ ಕಲಿಸಿದವರಿಗೂ ಬಂದಿತ್ತಂತೆ. ಹದಿನೈದು ದಿನ ಇದ್ದು ಹೋಗುತ್ತೆ. ಈಗ ನೀನು ನಿಜವಾದ ದೋಣಿಯವಳು." ಬಿಸಿನೀರಿನ ಚೀಲ ಇಟ್ಟುಕೋ ಎಂದ. ಇಟ್ಟುಕೊಂಡೆ. ಹಿತವಾಗಿತ್ತು.

ಹೆಸರಿರುವ ನೋವು ಅರ್ಧ ವಾಸಿಯಾದಂತೆ.

ಮೇ 24, ಭಾನುವಾರ

ಇವತ್ತು ಒಂದು ವಿಷಯ ಕಣ್ಣಿಗೆ ಬಿತ್ತು.

ಅಣ್ಣ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿರುತ್ತಾನೆ. ಅವನ ಕಡೆ ಬೆನ್ನು ಹಾಕಿ ತಿರುಗಿಸುವವಳು ನಾನು, ಇಷ್ಟು ದಿನ ನೋಡಿರಲಿಲ್ಲ. ಇವತ್ತು ಒಬ್ಬ ಹೆಂಗಸು ತನ್ನ ಮಗುವಿಗೆ, "ನೋಡು, ತಾತ ಸುಮ್ನೆ ಕೂತೇ ದೋಣಿ ನಡೆಸ್ತಿದ್ದಾರೆ," ಎಂದಳು. ತಿರುಗಿ ನೋಡಿದರೆ ನನ್ನ ಒಂದೊಂದು ಸುತ್ತಿಗೂ ಅವನ ಬಲಭುಜ ಒಂದೊಂದು ಸುತ್ತು ತಿರುಗುತ್ತಿದೆ. ಉಸಿರೂ ಅದಕ್ಕೆ ಸರಿಯಾಗಿ ಹೋಗಿ ಬರುತ್ತಿದೆ. ಹಣೆಯಲ್ಲಿ ಬೆವರು.

"ಅಣ್ಣಾ! ಗಾಳಿಗೆ ಗುದ್ದಿ ಯಾಕೆ ಮೈ ನೋಯಿಸ್ಕೊಳ್ತೀಯ?"

"ನಾನೇನು ಮಾಡ್ದೆ?" ಎಂದ. ಅವನಿಗೆ ಗೊತ್ತೇ ಇಲ್ಲ.

ಸ್ಟೂಲನ್ನು ಆಚೆ ತಿರುಗಿಸಿ, ಸರೋವರದ ಕಡೆ ಮುಖ ಮಾಡಿ ಕೂರಿಸಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಭುಜ ಮತ್ತೆ ಶುರು. ಸರಪಳಿಯ ಸದ್ದು ಸಾಕು ಅವನಿಗೆ. ಹಿಡಿ ಕಿತ್ತುಕೊಂಡೆ, ಭುಜ ಹೇಗೆ ಕಿತ್ತುಕೊಳ್ಳಲಿ? ಮನೆಯಲ್ಲಿರು ಎಂದರೆ ನನ್ನನ್ನು ಒಬ್ಬಳನ್ನೇ ಬಿಡುವುದಿಲ್ಲವಂತೆ. ಈಗ ನಾನು ಮೆಲ್ಲಗೆ ತಿರುಗಿಸುತ್ತೇನೆ, ಅವನ ಭುಜಕ್ಕೆ ದಣಿವಾಗದಿರಲಿ ಎಂದು.

ಜೂನ್ 3, ಬುಧವಾರ

ವಿಹಾರದ ದೊಡ್ಡ ಹಡಗು ಶುರುವಾಯಿತು. ಸಂಜೆ ಐದಕ್ಕೆ ವಾದ್ಯ ಬಾರಿಸಿಕೊಂಡು ಸರೋವರದಿಂದ ಹೊಳೆಯೊಳಗೆ ಬರುತ್ತದೆ. ಅದು ನಿಲ್ಲುವ ಪೈಕಿ ಅಲ್ಲ, ನಿಲ್ಲಬೇಕಾದವರು ನಾವು. ಹಡಗು ಕೂಗಿದ ಕೂಡಲೇ ತಿರುಗಿಸುವುದನ್ನು ನಿಲ್ಲಿಸಿ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ಸರಪಳಿ ತಳ ಸೇರುವ ತನಕ ಕಾಯಬೇಕು. ಆಮೇಲೆ ಅಂಗೈ ಮೇಲೆತ್ತಿ ತೋರಿಸಬೇಕು, ಹೋಗಬಹುದು ಅಂತ. ಸರಪಳಿ ಇಳಿಯುವ ಮೊದಲೇ ಅವರು ಬಂದರೆ ಅವರ ತಳಕ್ಕೆ ಸಿಕ್ಕಿ ನಮ್ಮ ದೋಣಿ ಬುಡಮೇಲು.

ಇವತ್ತು ಮೊದಲ ಸಲ ನಾನೇ ಕೈ ಎತ್ತಿದೆ. ಹಡಗಿನವರೆಲ್ಲ ಅದನ್ನು ನಮಸ್ಕಾರ ಎಂದುಕೊಂಡು ತಿರುಗಿ ಕೈ ಬೀಸಿದರು.

"ದಿನಾ ಹೀಗೇ," ಎಂದ ಅಣ್ಣ. "ನಲವತ್ತು ವರ್ಷದಿಂದ ನಾನು ಸರಪಳಿ ಇಳೀತು ಅಂತೀನಿ, ಅವರು ಚೆನ್ನಾಗಿದ್ದೀವಿ ಅಂತಾರೆ."

ಜೂನ್ 16, ಮಂಗಳವಾರ

ಉಪ್ಪಿನ ಕಳ್ಳ ಸಿಕ್ಕಿಬಿದ್ದ. ಟೋಪಿಯ ಅಸ್ತರಿನಲ್ಲಿ ಪೊಟ್ಟಣ. ಅಸ್ತರು ಹೊಲಿದವಳು ನಾನೇ, ನನ್ನ ಹೊಲಿಗೆ ಬಿಚ್ಚಿ ತನ್ನ ಹೊಲಿಗೆ ಹಾಕಿದ್ದಾನೆ, ಅದೂ ಸೊಟ್ಟಗೆ. ಅತ್ತಿಗೆ ನಿಜವಾಗಿ ಕೋಪಗೊಂಡರು. "ನಿಮಗೆ ನಾವು ಯಾರೂ ಬೇಡ, ಚಿಟಿಕೆ ಉಪ್ಪು ಬೇಕು," ಎಂದರು. ಅಣ್ಣ ತಲೆ ತಗ್ಗಿಸಿ ಕೂತ. ಆಮೇಲೆ ಮೂವರೂ ಒಟ್ಟಿಗೆ ನಗತೊಡಗಿದೆವು, ಯಾರು ಶುರು ಮಾಡಿದರೋ ಗೊತ್ತಿಲ್ಲ. ನಗುವಾಗ ನನಗೆ ಉಸಿರು ಸಿಗದೆ ಗೋಡೆ ಹಿಡಿದು ನಿಂತೆ. ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಜೂನ್ 28, ಭಾನುವಾರ

ಎಡ ದವಡೆ ನೋವು. ಹಲ್ಲಿನದೇ ಇರಬೇಕು. ಸೀಸನ್ ಮುಗಿದ ಮೇಲೆ ಕೀಳಿಸಿದರಾಯಿತು.

ಕಟ್ಟೆಯ ಮೆಟ್ಟಿಲುಗಳನ್ನು ಯಾರು ಕಟ್ಟಿದರೋ, ಒಂದೊಂದೂ ಆಳೆತ್ತರ. ನಡುವೆ ಎರಡು ಸಲ ನಿಂತು ಹತ್ತಬೇಕು. ಮೊದಲು ಇಷ್ಟು ಎತ್ತರ ಇರಲಿಲ್ಲ ಅನ್ನಿಸುತ್ತದೆ, ಆದರೆ ಮೆಟ್ಟಿಲೇನು ಬೆಳೆಯುತ್ತದೆಯೆ?

ಅಣ್ಣನ ಕಾಲು ಮೇ ತಿಂಗಳಲ್ಲಿದ್ದಂತಿಲ್ಲ, ಒಣಗಿದ ಕಡ್ಡಿಯಂತಿದೆ. ನೋಡಿ ಸಂತೋಷವಾಯಿತು. ನನ್ನ ಕಾಲನ್ನೂ ಒತ್ತಿ ನೋಡಿಕೊಂಡೆ. ಗುಳಿ ಬೀಳಲಿಲ್ಲ. ನನಗೇನೂ ಆಗಿಲ್ಲ.

ಜುಲೈ 6, ಸೋಮವಾರ

ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಒಂದು ಹೊತ್ತು ದೋಣಿ ನಿಂತಿತು, ನಿಲ್ಲಲಿ.

ಡಾಕ್ಟರು ಈ ಪುಸ್ತಕದ ಮೇಲಿನ ಸಾಲುಗಳನ್ನೆಲ್ಲ ಓದಿದರು. (ಕೆಳಗಿನದನ್ನು ಕೈ ಅಡ್ಡ ಇಟ್ಟು ಮುಚ್ಚಿದ್ದೆ.) ಬಹಳ ಮೆಚ್ಚಿಕೊಂಡರು. ಹೀಗೇ ಇದ್ದರೆ ಇನ್ನೂ ಹತ್ತು ವರ್ಷ ಧಾರಾಳ ಎಂದರು. ಹತ್ತು ವರ್ಷ! ಅತ್ತಿಗೆ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ.

"ನೀವು ಹೇಗಿದ್ದೀರಮ್ಮ? ಸ್ವಲ್ಪ ಬಿಳಿಚಿಕೊಂಡಿದ್ದೀರ," ಎಂದರು ಡಾಕ್ಟರು.

"ನನಗೇನು, ಗುಂಡುಕಲ್ಲು."

"ಅವಳಿಗೆ ಸರಪಳಿ ನೋವು, ಅಷ್ಟೇ," ಎಂದ ಅಣ್ಣ ಹೆಮ್ಮೆಯಿಂದ. ಅದೇನೆಂದು ವಿವರಿಸಿದ. ಡಾಕ್ಟರು ನಕ್ಕು, ಹೊಸ ಕಾಯಿಲೆ ಕಲಿತ ಹಾಗಾಯ್ತು ಎಂದರು. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು.

ಜುಲೈ 13, ಸೋಮವಾರ

ಅಣ್ಣ ಚೆನ್ನಾಗಿದ್ದಾನೆ. ಇಪ್ಪತ್ತೆರಡು ಸಲ ಹೋಗಿ ಬಂದೆ. ಬರೆಯಲು ಕೈ ಬರುತ್ತಿಲ್ಲ.

ಜುಲೈ 20, ಸೋಮವಾರ

ಮಧ್ಯಾಹ್ನ ಹೊಳೆಯ ನಡುವೆ ಕೈ ತಾನಾಗಿಯೇ ನಿಂತಿತು. ಬೆವರು, ಹೊಟ್ಟೆ ತೊಳೆಸಿದಂತೆ. ಬಿಸಿಲು ಜಾಸ್ತಿ. ಇಪ್ಪತ್ತು ಎಣಿಸುವಷ್ಟು ನಿಂತು ಮತ್ತೆ ತಿರುಗಿಸಿದೆ. ಜನ ನೋಡಲಿಲ್ಲ. ಅಣ್ಣ ನೋಡಿದ.

ದೋಣಿ ಕಟ್ಟಿದ ಮೇಲೆ ಕೇಳಿದ. "ಪುಟ್ಟೀ, ಆ ನೋವು ಹೋಯ್ತಾ?"

"ಯಾವ ನೋವು?"

"ಸರಪಳಿ ನೋವು. ಹದಿನೈದು ದಿನದಲ್ಲಿ ಹೋಗ್ಬೇಕಿತ್ತು. ಎರಡು ತಿಂಗಳಾಯ್ತು."

ಅವನ ಕಣ್ಣು ನನ್ನ ಮುಖದ ಮೇಲಿತ್ತು, ಕೈ ಹಿಡಿಯ ಮೇಲಿತ್ತು. ಇದೆ ಎಂದರೆ ನಾಳೆ ಬೆಳಿಗ್ಗೆ ಆರಕ್ಕೆ ಅವನೇ ಹಗ್ಗ ಬಿಚ್ಚುತ್ತಾನೆ. ಈ ಮನುಷ್ಯನ ಸ್ವಭಾವ ನನಗೆ ಗೊತ್ತಿಲ್ಲವೆ. "ಅಯ್ಯೋ ಅದು ಯಾವಾಗಲೋ ಹೋಯ್ತು," ಎಂದೆ. ನಂಬಲಿಲ್ಲ. "ಆಣೆ ಮಾಡು," ಎಂದ, ಚಿಕ್ಕ ಮಕ್ಕಳಂತೆ. ಮಾಡಿದೆ. ಯಾರ ಮೇಲೆ ಮಾಡಲಿ ಎಂದು ಯೋಚಿಸಿ ನನ್ನ ಮೇಲೇ ಮಾಡಿಕೊಂಡೆ, ಬೇರೆಯವರಿಗೆ ಯಾಕೆ ತೊಂದರೆ.

ಜುಲೈ 31, ಶುಕ್ರವಾರ

ಅತ್ತಿಗೆ ಹೇಳುತ್ತಾರೆ, ನಾನು ನಿದ್ದೆಯಲ್ಲಿ ಎಣಿಸುತ್ತೇನಂತೆ. ಈಗ ಅವರ ಮನೆಯಲ್ಲೇ ಮಲಗುತ್ತೇನೆ, ನನ್ನ ಕೋಣೆಯ ಮೆಟ್ಟಿಲು ಹತ್ತುವ ಗೋಜು ಬೇಡವೆಂದು. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ, ಅದಕ್ಕೆ ಎರಡು ದಿಂಬು. ಅಣ್ಣನಿಗೂ ಎರಡು ದಿಂಬು. ಅತ್ತಿಗೆಗೆ ಒಂದೂ ಉಳಿದಿಲ್ಲ ಪಾಪ, ಸೀರೆ ಮಡಿಸಿ ತಲೆಯ ಕೆಳಗಿಟ್ಟುಕೊಳ್ಳುತ್ತಾರೆ.

ಇನ್ನು ಐದು ವಾರ. ಐದೇ.

ಆಗಸ್ಟ್ 12, ಬುಧವಾರ

ಆಸ್ಪತ್ರೆ. ಕಿಟಕಿಯ ಪಕ್ಕದ ಮಂಚ. ಪುಸ್ತಕ ಬೇಕು ಎಂದು ಹಟ ಮಾಡಿದ್ದಕ್ಕೆ ಅತ್ತಿಗೆ ನಿನ್ನೆ ತಂದುಕೊಟ್ಟರು. ದಾದಿ ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬರೆಯಬಾರದು ಎಂದಿದ್ದಾಳೆ. ಬೆಳಿಗ್ಗೆಯಿಂದ ಬಿಟ್ಟು ಬಿಟ್ಟು ಬರೆಯುತ್ತಿದ್ದೇನೆ.

ಅಣ್ಣ ಹೋದ.

ನನಗೆ ಯಾರೂ ಹೇಳಿಲ್ಲ. ಹೇಳಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದು ಬಾಗಿಲಾಚೆಯಿಂದ ಕೇಳಿಸಿತು, ನನ್ನ ಹೃದಯ ತಡೆಯುವುದಿಲ್ಲವಂತೆ. ನಾನು ನೋಡಿದ್ದೇನೆಂದು ಅವರಿಗೆ ಗೊತ್ತಿಲ್ಲ.

ಕಳೆದ ಗುರುವಾರ. ಮರಳುದಿಬ್ಬದ ಕಡೆಯಿಂದ ಊರ ಕಡೆಗೆ ಬರುತ್ತಿದ್ದೆವು, ಹನ್ನೊಂದು ಜನ. ಎಂಬತ್ತನೆಯ ಸುತ್ತಿಗೆ ಏನಾಯಿತೋ, ಹಲಗೆಯ ಮೇಲೆ ಬಿದ್ದಿದ್ದೆ. ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು, ಬೆರಳು ಎತ್ತಲು ಆಗುತ್ತಿರಲಿಲ್ಲ. ಅಣ್ಣ ಒಂದು ಸಲ ಹಿಂದೆ ನೋಡಿದ, ಒಂದು ಸಲ ಮುಂದೆ ನೋಡಿದ. ಹಿಂದಕ್ಕೆ ಎಂಬತ್ತು ಸುತ್ತು, ಆದರೆ ಆ ದಡದಲ್ಲಿ ಮರಳು ಬಿಟ್ಟರೆ ಏನಿದೆ? ಮುಂದಕ್ಕೆ ನೂರ ಅರವತ್ತು. ರಸ್ತೆ ಇರುವುದು ಊರ ಕಡೆ. ಯಾರೋ ಫೋನು ಮಾಡಿ ಆಂಬುಲೆನ್ಸ್ ಕರೆದಿದ್ದರು.

ಚಡ್ಡಿ ಹಾಕಿಕೊಂಡಿದ್ದ ದಪ್ಪ ಮನುಷ್ಯರೊಬ್ಬರು, "ನಾನ್ ತಿರುಗಿಸ್ತೀನಿ, ಬಿಡಿ," ಎಂದು ಹಿಡಿ ಹಿಡಿದು ಜೋರಾಗಿ ಎಳೆದರು. ಪಾಪ, ಒಳ್ಳೆಯ ಮನಸ್ಸು. ಸರಪಳಿ ಹಲ್ಲು ತಪ್ಪಿ ಎಗರಿತು. ಅಣ್ಣ ಅವರನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಸರಪಳಿಯನ್ನು ಎತ್ತಿ ಹಲ್ಲಿಗೆ ಕೂರಿಸಿದ. ಆಮೇಲೆ ಟೋಪಿ ತೆಗೆದು ಸ್ಟೂಲಿನ ಮೇಲಿಟ್ಟು ಹಿಡಿ ಹಿಡಿದುಕೊಂಡ.

ಬೇಡ ಅಣ್ಣ ಎಂದೆ. ಎಂದುಕೊಂಡೆ ಅಷ್ಟೇ. ನಾಲಿಗೆ ಹೊರಳಲಿಲ್ಲ.

ಅವನಿಗೆ ಕೇಳಿಸಿತೋ ಏನೋ. "ಸುಮ್ನೆ ಮಲ್ಕೊ ಪುಟ್ಟೀ. ಲೆಕ್ಕ ತಪ್ಪಿಸ್ಬೇಡ," ಎಂದ.

ಒಂದೇ ಸಮ ತಿರುಗಿಸಿದ. ನಾನು ಎಣಿಸಿದೆ. ನಾನು ಮಾಡಬಹುದಾಗಿದ್ದು ಅದೊಂದೇ. ಮೂರು ತಿಂಗಳು ಅವನ ಕೈಯಿಂದ ದೂರ ಇಟ್ಟಿದ್ದ ಸುತ್ತುಗಳನ್ನು ಒಂದೊಂದಾಗಿ ಅವನು ಸುತ್ತುತ್ತಿದ್ದ, ನಾನು ಬಿದ್ದುಕೊಂಡು ಎಣಿಸುತ್ತಿದ್ದೆ. ಅರವತ್ತಕ್ಕೆ ಅವನ ಉಸಿರು ಸಿಳ್ಳೆಯಂತೆ ಕೇಳತೊಡಗಿತು. ಎಂಬತ್ತೈದಕ್ಕೆ ಹಡಗು ಕೂಗಿತು.

ನಿಲ್ಲಿಸಿದ. ಅರ್ಧ ಸುತ್ತು ಹಿಂದಕ್ಕೆ ಬಿಟ್ಟ. ಕಾದ. ಕೈ ಎತ್ತಿದ. ಹಡಗು ವಾದ್ಯ ಬಾರಿಸಿಕೊಂಡು ಪಕ್ಕದಲ್ಲೇ ಹೋಯಿತು, ಮೇಲೆ ಸಾಲಾಗಿ ನಿಂತವರೆಲ್ಲ ಅಣ್ಣನಿಗೆ ಕೈ ಬೀಸಿದರು. ಎಷ್ಟು ಜನ, ಎಷ್ಟು ಬಣ್ಣದ ಬಟ್ಟೆ. ನಮ್ಮ ದೋಣಿಯ ಹೆಂಗಸೊಬ್ಬಳು ನನ್ನ ಅಂಗೈ ಉಜ್ಜುತ್ತಾ ಹಡಗಿನವರ ಕಡೆ ನಿಲ್ಲಿ, ನಿಲ್ಲಿ ಎಂದು ಕಿರುಚಿದಳು. ವಾದ್ಯದಲ್ಲಿ ಯಾರಿಗೆ ಕೇಳಬೇಕು. ಅಣ್ಣ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಕೈ ಮೇಲೆ ಹಣೆ ಇಟ್ಟು ನಿಂತಿದ್ದ. ನನ್ನ ಜೀವಕ್ಕೆ ದಡ ಬೇಗ ಬರಬೇಕಿತ್ತು. ಅವನ ಜೀವಕ್ಕೆ ಆ ಹಡಗು ಹೋಗಬಾರದಿತ್ತು. ಇನ್ನೂ ಉದ್ದವಾಗಿರಲಿ, ಇನ್ನೂ ಉದ್ದವಾಗಿರಲಿ ಎಂದು ಬೇಡಿಕೊಂಡೆ. ಹೋಯಿತು.

ಉಳಿದ ಎಪ್ಪತ್ತೈದನ್ನೂ ತಿರುಗಿಸಿದ. ಒಂದೂ ತಪ್ಪಿಸಲಿಲ್ಲ. ಕಟ್ಟೆಗೆ ದೋಣಿ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ ತಂದು ನಿಲ್ಲಿಸಿದ. ಹಗ್ಗ ಎರಡು ಸುತ್ತು ಕಟ್ಟಿದ. ಟೋಪಿ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತ. ಬಿಳಿ ಅಂಗಿಯವರು ಬಂದರು, ಎಲ್ಲರೂ ನನ್ನ ಸುತ್ತ, ನನ್ನ ಮೂಗಿಗೆ ಏನೋ, ತೋಳಿಗೆ ಏನೋ. ಅವನ ಕಡೆ ಒಬ್ಬರೂ ತಿರುಗಲಿಲ್ಲ. ಕಾಯಿಲೆಯವಳು ನಾನಲ್ಲವೆ.

ಕಟ್ಟೆಯಲ್ಲಿ ಮುಂದಿನ ದೋಣಿಗೆ ಕಾದಿದ್ದವರಿಗೆ ಏನಾಯಿತೆಂದು ತಿಳಿದಿರಲಿಲ್ಲ. ಒಂದು ಹುಡುಗಿ ಅಣ್ಣನ ಹತ್ತಿರ ಹೋಗಿ, "ತಾತ, ಈ ದೋಣಿ ಎಷ್ಟು ವರ್ಷ ಹಳೇದು?" ಎಂದು ಕೇಳಿತು. ಅಣ್ಣ ಉತ್ತರ ಕೊಡಲಿಲ್ಲ. ಮತ್ತೆ ಕೇಳಿತು. ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದರು, ಕತ್ತು ತಿರುಗಿಸಿದೆ. ಗಲ್ಲ ಎದೆಗೆ ಇಳಿದಿತ್ತು. ಭುಜ ಅಲ್ಲಾಡುತ್ತಿರಲಿಲ್ಲ.

ಆಣೆ ಕೇಳಿದ ದಿನ ನೋವಿದೆ ಎಂದು ನಿಜ ಹೇಳಿದ್ದರೆ? ಮರುದಿನ ಬೆಳಿಗ್ಗೆಯೇ ಹಿಡಿ ಕಸಿದುಕೊಳ್ಳುತ್ತಿದ್ದ. ಹೇಳದೆ ಇದ್ದದ್ದಕ್ಕೆ ಎರಡು ವಾರ ತಡವಾಗಿ ಕಸಿದುಕೊಂಡ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ನನ್ನ ಕೈಗೆ ಏನೂ ಸಿಗುವುದಿಲ್ಲ. ದಾದಿ ಬಂದಳು.

ಆಗಸ್ಟ್ 14, ಶುಕ್ರವಾರ

ಮಧ್ಯಾಹ್ನ ಅತ್ತಿಗೆ ಬಂದಿದ್ದರು. ಈ ಸೆಕೆಯಲ್ಲಿ ಅಣ್ಣನ ಸ್ವೆಟರ್ ಹಾಕಿಕೊಂಡಿದ್ದರು. ನಾನು ನೋಡಿದ್ದನ್ನು ನೋಡಿ, "ಯಾಕೋ ಚಳಿ," ಎಂದರು. ಕಣ್ಣು ಊದಿಕೊಂಡಿತ್ತು.

ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹೊಲಿಸಿಕೊಂಡ ರವಿಕೆ ಬಿಗಿಯಾದರೆ ಗಿರಾಕಿಗಳ ಎದುರಿಗೇ ಬಿಗಿ ಎಂದು ಹೇಳಿ ನನ್ನ ಮಾನ ಕಳೆಯುತ್ತಿದ್ದವರು. ಇವತ್ತು ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದುಕೊಂಡು ಒಳಗೆ ಬಂದದ್ದು ಕಾಣಿಸಿತು. ಕೇಳದೆ ಇದ್ದರೆ ಅನುಮಾನ ಬರುತ್ತದೆಂದು ನಾನೇ ಕೇಳಿದೆ.

"ಅಣ್ಣ ಹೇಗಿದ್ದಾನೆ?"

"ಚೆನ್ನಾಗಿದ್ದಾರೆ. ಡಾಕ್ಟ್ರು ಮನೆ ಬಿಟ್ಟು ಅಲ್ಲಾಡ್ಬೇಡಿ ಅಂದಿದ್ದಾರೆ, ಅದಕ್ಕೇ ಬಂದಿಲ್ಲ."

"ಊಟ ಮಾಡ್ತಾನಾ?"

"ಮಾಡ್ತಾರೆ, ಬೈಕೊಂಡು ಮಾಡ್ತಾರೆ. ಇವತ್ತು ತಟ್ಟೆ ತಳ್ಳಿಬಿಟ್ರು. ಆಮೇಲೆ ನಾನು ಮಾತು ಬಿಟ್ಟೆ ಅಂತ ತಾವೇ ಎಳ್ಕೊಂಡು ತಿಂದ್ರು." ಹೇಳುತ್ತ ಹೇಳುತ್ತ ಅವರ ಮುಖಕ್ಕೆ ಜೀವ ಬಂತು. ತಟ್ಟೆ ತಳ್ಳಿದ್ದು ಹೇಗೆಂದು ಕೈಯಲ್ಲಿ ಮಾಡಿ ತೋರಿಸಿದರು. ಅಣ್ಣ ಹಾಗೆಯೇ ತಳ್ಳುವುದು.

ನನಗೆ ಗೊತ್ತಿದೆ ಎಂದು ಹೇಳಿಬಿಡಬೇಕೆಂದಿದ್ದೆ. ಇಬ್ಬರೂ ಕೂತು ಅಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಮಾತಿನಲ್ಲೇ ಅಣ್ಣನನ್ನು ಕಿಟಕಿಯ ಹತ್ತಿರ ಕೂರಿಸಿ, ಪೇಪರು ಓದಿಸಿ, ಕೆಮ್ಮಿಸಿ, ಬೈಸಿ, ಹೀಗೆ ಬದುಕಿಸಿಕೊಂಡಿದ್ದರು. ಅದಕ್ಕೆ ಇನ್ನೂ ಕೇಳಿದೆ. ನಿದ್ದೆ ಮಾಡ್ತಾನಾ, ಗಡ್ಡ ತೆಗೆದ್ನಾ, ನನ್ನನ್ನ ಬೈದ್ನಾ. ಎಲ್ಲದಕ್ಕೂ ಅವರ ಹತ್ತಿರ ಉತ್ತರವಿತ್ತು.

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ಎದ್ದು ಸ್ವೆಟರಿನ ತೋಳು ಕೆಳಗೆಳೆದುಕೊಂಡರು. "ನಾಳೆ ಬರುವಾಗ ನಿನಗೆ ಏನು ತರ್ಲಿ?" ಎಂದರು.

"ಅಣ್ಣನ್ನ ಕೇಳ್ಕೊಂಡು ತನ್ನಿ," ಎಂದೆ.

ಬಾಗಿಲ ತನಕ ಹೋದವರು ತಿರುಗಿ ನನ್ನ ಮುಖ ನೋಡಿದರು.

"ಹೂಂ, ಕೇಳ್ತೀನಿ," ಎಂದರು.